ದಾರ ಕಟ್ಟಿದ ತಂತಿಗಳು

ಮನೆಯಲ್ಲಿ ಆರು ವಾಷಿಂಗ್ ಮಷೀನುಗಳಿದ್ದವು. ಬಟ್ಟೆಯನ್ನು ಮಾತ್ರ ಸೊಸೆ ಕೈಯಲ್ಲೇ ಒಗೆಯುತ್ತಿದ್ದಳು.

ಅವಳು ಆಸ್ಪತ್ರೆಯಲ್ಲಿ ನರ್ಸ್. ಬೆಳಗ್ಗೆ ಏಳಕ್ಕೆ ಡ್ಯೂಟಿ, ನಾಲ್ಕಕ್ಕೆ ವಾಪಸು. ಬಂದವಳೇ ಬಿಳಿ ಯೂನಿಫಾರಂ ಬಕೆಟ್ಟಿನಲ್ಲಿ ನೆನೆಹಾಕಿ ಬಚ್ಚಲಿನಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಬಚ್ಚಲಿಗೆ ಹೋಗುವ ದಾರಿಯಲ್ಲೇ ಹಿಂದಿನ ಕೋಣೆ. ಆ ಕೋಣೆಯ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ, ಬಾಗಿಲ ಹಿಂದೆ ಒಂದು ಮಷೀನಿತ್ತು. ಅದರ ಹಿಂದೆ ಇನ್ನೊಂದು.

"ಅತ್ತೆ, ಇದನ್ನ ಯಾರಿಗಾದ್ರೂ ಹೇಳಿದ್ರೆ ನಂಬ್ತಾರಾ?" ಎಂದಳು ಒಂದು ಸಂಜೆ, ಹೊದಿಕೆ ಹಿಂಡುತ್ತಾ. "ಮನೇಲಿ ಆರು ಮಷೀನು. ನನ್ನ ಬೆರಳು ನೋಡಿ."

ಅತ್ತೆ ಹೊದಿಕೆಯ ಇನ್ನೊಂದು ತುದಿ ಹಿಡಿದು ಎದುರು ದಿಕ್ಕಿಗೆ ತಿರುಚಿದಳು. "ಒಂದು ಓಡಿದ್ರೆ ಸಾಕಲ್ವಾ?"

"ಓಡಲಿ. ಬೇಡ ಅಂದ್ನಾ ನಾನು? ವರ್ಷ ಆಯ್ತು."

"ಆ ಕುಂಟಿ ಮಷೀನು ಓಡಿತಲ್ಲ ಒಂದ್ಸಲ."

"ಓಡಿತು ಅತ್ತೆ. ಕೋಣೆಯಿಂದ ಅಡುಗೆಮನೆವರೆಗೂ ಓಡಿತು."

ಅತ್ತೆ ನಕ್ಕುಬಿಟ್ಟಳು. ಸೊಸೆಗೂ ನಗು ಬಂತು. ಆದರೆ ಹೊದಿಕೆಯನ್ನು ಹಗ್ಗದ ಮೇಲೆ ಹರವಿ ಕ್ಲಿಪ್ಪು ಹಾಕುವಾಗ ಅವಳು ಮತ್ತೆ ಅಲ್ಲಿಗೇ ಬಂದಳು. "ಹುಡುಗಿ ಪರೀಕ್ಷೆಗೆ ಓದ್ಬೇಕು. ಹಾಲಲ್ಲಿ ಟಿವಿ, ಅಡುಗೆಮನೇಲಿ ಮಿಕ್ಸಿ. ಆ ಕೋಣೆ ಖಾಲಿಯಾದ್ರೆ ಅವಳಿಗೊಂದು ಮೇಜು ಹಾಕಬಹುದು. ಇವತ್ತು ಊಟಕ್ಕೆ ಕೂತಾಗ ಮಾವನ ಹತ್ರ ಹೇಳ್ತೀನಿ. ನೀವು ಅಡ್ಡ ಬರಬೇಡಿ."

ಅತ್ತೆ ಅಡ್ಡ ಬರಲಿಲ್ಲ.

ಮಗ ಬ್ರೆಡ್ ಸಾಗಿಸುವ ವ್ಯಾನಿನ ಡ್ರೈವರ್. ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಬ್ರೆಡ್ಡು ಸಂಜೆ ಅವನೊಂದಿಗೆ ಮನೆಗೆ ಬರುತ್ತಿತ್ತು. ಅಂದು ಕಾವಲಿಯ ಮೇಲೆ ಬೆಚ್ಚಗೆ ಮಾಡಿದ ಬ್ರೆಡ್ಡು, ಬೇಯಿಸಿದ ಬೀನ್ಸು, ಒಬ್ಬೊಬ್ಬರಿಗೆ ಒಂದು ಮೊಟ್ಟೆ. ಎಲ್ಲರ ತಟ್ಟೆಗೂ ಬಡಿಸಿ ಆದ ಮೇಲೆ ಸೊಸೆ ಮಾತು ತೆಗೆದಳು.

"ಮಾವ, ತಿಂಗಳ ಕೊನೇ ಭಾನುವಾರ ಗುಜರಿಯವರನ್ನ ಬರೋಕೆ ಹೇಳ್ತೀನಿ. ಅಷ್ಟರೊಳಗೆ ಒಂದೇ ಒಂದು ಮಷೀನು ನನ್ನ ಯೂನಿಫಾರಂ ಒಗೆದುಕೊಡಲಿ. ಕೊಟ್ರೆ ನಾನು ಇನ್ನು ಬಾಯಿ ತೆರೆಯಲ್ಲ. ಇಲ್ಲಾಂದ್ರೆ ಆರೂ ಹೋಗ್ಲಿ."

ಮಾವ ಬ್ರೆಡ್ಡಿನ ಅಂಚು ಮುರಿಯುತ್ತಿದ್ದ. ಹೊಲಿಗೆ ಅಂಗಡಿ ಮುಚ್ಚಿ ಎರಡು ವರ್ಷವಾದರೂ ಮನೆಯವರ ಹೊರತು ಎಲ್ಲರಿಗೂ ಅವನು ಈಗಲೂ ಟೈಲರ್ ಮಾಸ್ಟರೇ. "ಎಷ್ಟು ದಿನ ಇದೆ?"

"ಇಪ್ಪತ್ತಾರು."

"ಹಸಿರು ಮಷೀನಿಗೆ ಸಾಕು."

"ಆ ಲಾಡ್ಜಿಂದ ಬಂದಿದ್ದಾ?" ಎಂದ ಮಗ. "ಅಪ್ಪ, ಅದಕ್ಕೆ ನನಗಿಂತ ಜಾಸ್ತಿ ವಯಸ್ಸಾಗಿದೆ."

"ನಿನಗಿಂತ ಗಟ್ಟಿಯಾಗೂ ಇದೆ. ತಟ್ಟಿದ್ರೆ ಗಂಟೆ ಹಾಗೆ ಕೇಳ್ಸುತ್ತೆ. ನಿನ್ನ ತಟ್ಟಿದ್ರೆ ಬ್ರೆಡ್ಡಿನ ಪುಡಿ ಉದುರುತ್ತೆ."

ಮೊಮ್ಮಗಳು ತಟ್ಟೆಯಿಂದ ತಲೆ ಎತ್ತಿದಳು. "ಕೋಣೆ ನನಗೋಸ್ಕರ ಅಂತ ಜಗಳ. ನನ್ನನ್ನ ಮಾತ್ರ ಯಾರೂ ಕೇಳಲ್ಲ."

"ಕೇಳಿದೀವಿ. ಹೇಳು ಕಾಲೇಜು," ಎಂದ ಟೈಲರ್. ಅವಳು ಕಾಲೇಜು ಸೇರಿದ ದಿನದಿಂದ ಅವನು ಅವಳನ್ನು ಕರೆಯುತ್ತಿದ್ದದ್ದು ಹಾಗೆ.

"ನನಗೆ ಕೋಣೆನೂ ಬೇಕು, ಮಷೀನೂ ಬೇಕು. ನನ್ನ ಬಟ್ಟೆ ನಾನೇ ಒಗ್ಕೊಳ್ಳೋದು, ಮರೀಬೇಡಿ."

"ತಿಂಗಳಿಗೊಂದ್ಸಲ," ಎಂದಳು ಅವಳ ಅಮ್ಮ.

ಅತ್ತೆ ಲೋಟಗಳಿಗೆ ನೀರು ಬಗ್ಗಿಸಿದಳು. ಆ ಆರು ಮಷೀನುಗಳ ಜೊತೆ ಇನ್ನೇನು ಹೊರಟುಹೋಗುತ್ತದೆ ಎಂದು ಗೊತ್ತಿದ್ದದ್ದು ಅವಳೊಬ್ಬಳಿಗೆ.

ಸೂಜಿಗೆ ದಾರ ಪೋಣಿಸಲು ಬೆರಳು ಒಪ್ಪದೇ ಹೋದಾಗ ಟೈಲರ್ ಅಂಗಡಿಯ ಬೀಗದ ಕೈ ಮಾಲೀಕನಿಗೆ ಒಪ್ಪಿಸಿ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಕಾಯಿಲೆಯೇನೂ ಇರಲಿಲ್ಲ. ಉಣ್ಣುತ್ತಿದ್ದ, ಮಲಗುತ್ತಿದ್ದ, ಮಾತು ಮಾತ್ರ ಆಡುತ್ತಿರಲಿಲ್ಲ. ಮಗ ಸೊಸೆ ಹಗಲು ಹೊರಗೆ, ಸಂಜೆ ಟಿವಿಯ ಸದ್ದು. ಅವರಿಗೆ ಅದು ಗೊತ್ತಾಗಲಿಲ್ಲ. ಹಗಲಿಡೀ ಆ ಮೌನದ ಜೊತೆ ಇದ್ದವಳು ಅತ್ತೆ. ಒಂದು ದಿನ ಎಣಿಸಿದ್ದಳು: ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ನಾಲ್ಕು ಮಾತು. ಹೂಂ, ಬೇಡ, ಸಾಕು, ಹೂಂ. ಎಂಟು ತಿಂಗಳು ಹಾಗೆಯೇ ಕಳೆಯಿತು. ಆಮೇಲೆ ಒಂದು ಬೆಳಗ್ಗೆ ಹಾಲಿಗೆಂದು ಹೋದವನು ಬರಿಗೈಯಲ್ಲಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಮೂಲೆಮನೆಯವರು ಒಂದು ಮಷೀನು ಬೀದಿಗೆ ಹಾಕಿದಾರೆ. ಬೆಲ್ಟು ಹೋಗಿದೆ, ಅಷ್ಟೇ. ನಮ್ಮ ಹೊಲಿಗೆ ಮಷೀನಿನ ಬೆಲ್ಟಿನ ಥರಾನೇ. ಎತ್ತೋಕೆ ಇಬ್ಬರು ಬೇಕು. ಬರ್ತೀಯಾ?"

ಅವಳು ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಿದ್ದಳು. ಹಾಲು ಇಲ್ಲದ್ದಕ್ಕೆ ಅವತ್ತು ಕಪ್ಪು ಚಹಾ. ಗಂಡ ಚಹಾ ಆರುವವರೆಗೂ ಬೆಲ್ಟಿನ ಬಗ್ಗೆ ಮಾತಾಡಿದ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗಂಡನನ್ನು ರೋಗಿ ಮಾಡಿದ ಹಾಗಾಗುತ್ತದೆ. ಸೊಸೆ ಬೇರೆ ನರ್ಸು.

ಹಸಿರು ಮಷೀನಿನ ಕೆಲಸ ಮರುದಿನವೇ ಶುರುವಾಯಿತು. ಕೆಡವುತ್ತಿದ್ದ ಹಳೇ ಲಾಡ್ಜೊಂದರಿಂದ ಗುಜರಿಯವನು ಎತ್ತಿ ತಂದು, ಹೆಚ್ಚು ತೂಕವೆಂದು ಬೈದುಕೊಂಡು ಟೈಲರಿಗೆ ಕೊಟ್ಟದ್ದು ಅದು. ಮುಂದುಗಡೆ ದುಂಡನೆಯ ಗಾಜಿನ ಬಾಗಿಲು. ಮೇಲೆ ಒಂದು ದಪ್ಪ ಗುಂಡಿ. ತಿರುಗಿಸಿ ಬಿಟ್ಟರೆ ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತಾ, ನೀರು ತುಂಬುವುದು, ಒಗೆಯುವುದು, ನೀರು ಚೆಲ್ಲುವುದು, ಹಿಂಡುವುದು ಎಲ್ಲವನ್ನೂ ಒಂದರ ಹಿಂದೊಂದು ಮಾಡಿಸಬೇಕಾದ ಗುಂಡಿ. ಅದು ತುಕ್ಕು ಹಿಡಿದು ನಿಂತಿತ್ತು.

ಟೈಲರಿಗೆ ಗೊತ್ತಿದ್ದದ್ದು ಹೊಲಿಗೆ. ಮಷೀನುಗಳನ್ನೂ ಅವನು ಹಾಗೆಯೇ ನೋಡುತ್ತಿದ್ದ. ತಗಡು ಬಿಚ್ಚುವ ಮುಂಚೆ ಎರಡು ತಗಡು ಕೂಡುವ ಜಾಗಕ್ಕೆ ಬಟ್ಟೆಗೆ ಹಾಕುವ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದ. ಪ್ರತಿ ಮಷೀನಿನ ಸ್ಕ್ರೂಗಳಿಗೆ ಬೇರೆ ಬೇರೆ ಬಟ್ಟೆಯ ಚೀಲ. "ಇದಕ್ಕೆ ಸೊಂಟ ಸಡಿಲ," ಎನ್ನುತ್ತಿದ್ದ. "ಇದರ ಕಂಕುಳು ಬಿಗಿ."

ಮೊದಲ ವಾರ ತುಕ್ಕು ಉಜ್ಜುವುದರಲ್ಲಿ ಹೋಯಿತು. ಎರಡನೇ ವಾರ ಬಾಗಿಲಿನ ಸುತ್ತ ಇರುವ ರಬ್ಬರಿನ ಬಳೆ. ಅದು ಮೂರು ಕಡೆ ಸೀಳಿತ್ತು. ಟೈಲರ್ ಸೈಕಲ್ ಟ್ಯೂಬು ತಂದು, ತನ್ನ ದೊಡ್ಡ ಕತ್ತರಿಯಿಂದ ಪಟ್ಟಿ ಕತ್ತರಿಸಿದ.

"ಆ ಕತ್ತರೀಲಿ ಕಾಗದ ಕತ್ತರಿಸಿದ್ದಕ್ಕೆ ಒಂದ್ಸಲ ಎರಡು ದಿನ ನನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ರಿ," ಎಂದಳು ಅತ್ತೆ.

"ಆವಾಗ ಅದಕ್ಕೆ ಕೆಲಸ ಇತ್ತು."

ಪಟ್ಟಿ ಅಂಟಿಸಿ, ಮೂರು ಬಕೆಟ್ಟು ನೀರು ಸುರಿದು ನೋಡಿದ. ನೀರು ಹೊರಗೆ ಬರಲಿಲ್ಲ. ಖುಷಿಯಿಂದ ಪೇಟೆಗೆ ಹೋದ. ಅವನು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಪಟ್ಟಿಯ ಒಂದು ಕಡೆ ಬಿಟ್ಟುಕೊಂಡು, ನೀರು ಕೋಣೆ ದಾಟಿ, ಹಾಲಿಗೆ ಬಂದು, ಮೊಮ್ಮಗಳ ಹಾಸಿಗೆಯ ಕೆಳಗೆ ಸೇರಿತು.

"ಹಾಸಿಗೆ ಹಿಂಡೋಕೂ ಒಂದು ಮಷೀನು ಇದ್ಯಾ ತಾತ?" ಎಂದು ಕೇಳಿದಳು ಅವಳು, ಒದ್ದೆ ಪುಸ್ತಕವನ್ನು ಎರಡು ಬೆರಳಿನಲ್ಲಿ ಹಿಡಿದು.

"ಇದೆಲ್ಲಾ ನಗೋ ವಿಷಯ ಅಲ್ಲ," ಎಂದಳು ಸೊಸೆ. "ಇನ್ನು ಹನ್ನೆರಡು ದಿನ ಮಾವ."

"ನೆನಪಿದೆ."

"ನೆನಪಿರಲಿ ಅಂತಲೇ ಹೇಳಿದ್ದು."

"ಆಸ್ಪತ್ರೇಲಿ ರೋಗಿಗಳಿಗೂ ಹೀಗೇ ದಿನ ಎಣಿಸಿ ಹೇಳ್ತೀಯೇನಮ್ಮ?"

ಮಗ ನಗಲು ಹೋಗಿ, ಹೆಂಡತಿಯ ಮುಖ ನೋಡಿ, ವ್ಯಾನು ತೊಳೆಯಬೇಕೆಂದು ಎದ್ದುಹೋದ.

ಮೂರನೇ ವಾರ ಟೈಲರ್ ಆ ಗುಂಡಿಯನ್ನು ಬಿಚ್ಚಿದ. ಅದರ ಹಿಂದೆ ಹನ್ನೊಂದು ತಂತಿಗಳು ಬಂದು ಸೇರಿದ್ದವು. ಒಂದು ಕಾಲಕ್ಕೆ ಬಣ್ಣಬಣ್ಣದವಾಗಿದ್ದಿರಬೇಕು. ಈಗ ಎಲ್ಲವೂ ಒಂದೇ ಕಂದು. ಅವನು ಅಂಗಡಿಯ ಹಳೇ ಡಬ್ಬಿಯಿಂದ ಹನ್ನೊಂದು ಬಣ್ಣದ ದಾರ ಆರಿಸಿಕೊಂಡ. ಒಂದೊಂದು ತಂತಿ ಕಳಚುವ ಮೊದಲು ತಂತಿಗೊಂದು, ಅದು ಗುಂಡಿಯಲ್ಲಿ ಕೂತಿದ್ದ ಪಿನ್ನಿಗೊಂದು, ಒಂದೇ ಬಣ್ಣದ ದಾರ ಕಟ್ಟಿದ. ನಂತರ ಗುಂಡಿಯನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಕಿಟಕಿಯ ಪಕ್ಕ ತಂದಿಟ್ಟುಕೊಂಡು, ಹಲ್ಲುಜ್ಜುವ ಬ್ರಷ್ಷಿನಿಂದ ತುಕ್ಕು ತೆಗೆಯತೊಡಗಿದ. ಐದು ದಿನ ಅದೇ ಕೆಲಸ. ಐದನೇ ದಿನ, ಗುರುವಾರ ಬೆಳಗ್ಗೆ, ಅದು ಟಿಕ್ ಎಂದಿತು.

ಅದೇ ಮಧ್ಯಾಹ್ನ ಅವನು ಎಣ್ಣೆ ತರಲು ಹೋಗಿದ್ದಾಗ ಅತ್ತೆ ಹಿಂದಿನ ಕೋಣೆಯ ಜೇಡರಬಲೆ ತೆಗೆಯಲು ಪೊರಕೆ ಹಿಡಿದು ಒಳಗೆ ಹೋದಳು.

ಅಂಗಡಿಯಲ್ಲಿ ಮೂವತ್ತೊಂದು ವರ್ಷ ಅವಳ ಕೆಲಸ ಒಂದೇ. ಗಂಡ ಹೊಲಿದು ಪಕ್ಕಕ್ಕೆ ಎಸೆದ ಬಟ್ಟೆಗೆ ಗುಂಡಿ ಹಾಕಿ, ಅಲ್ಲಲ್ಲಿ ಉಳಿದ ದಾರದ ತುದಿ ಕತ್ತರಿಸಿ, ಮಡಚಿಡುವುದು. ಕತ್ತರಿಸಿದ ದಾರವನ್ನು ಬಿಸಾಡುತ್ತಿರಲಿಲ್ಲ. ಬೆರಳ ತುದಿಯಲ್ಲಿ ಹೊಸೆದು, ಒಂದು ತಗಡಿನ ಡಬ್ಬಿಗೆ ಹಾಕಿ, ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಡಬ್ಬಿ ತುಂಬಿದರೆ ಸೂಜಿ ಚುಚ್ಚುವ ಮೆತ್ತೆಗೆ ಅದೇ ಹೂರಣ. ಆ ಚಿಕ್ಕ ಕತ್ತರಿ ಈಗಲೂ ಅವಳ ಕೊರಳಿನ ದಾರದಲ್ಲಿತ್ತು, ಡಬ್ಬಿ ಜೇಬಿನಲ್ಲಿತ್ತು. ಮನೆಯಲ್ಲಿ ಯಾರ ಅಂಗಿಯಲ್ಲಿ ಎಳೆ ಜೋತಾಡಿದರೂ ಅವಳ ಕೈ ತಾನಾಗಿ ಏಳುತ್ತಿತ್ತು.

ಹಸಿರು ಮಷೀನಿನ ಮೇಲಿನ ತಗಡು ತೆಗೆದಿತ್ತು. ತಂತಿಗಳು ಸಾಲಾಗಿ ಹೊರಗೆ ಬಾಗಿದ್ದವು. ಅವುಗಳಲ್ಲಿ ದಾರದ ತುದಿಗಳು ಜೋತಾಡುತ್ತಿದ್ದವು. ಸಂಜೆಗೆ ಏನು ಬೇಯಿಸುವುದು, ಮನೆಯಲ್ಲಿ ಈರುಳ್ಳಿ ಇದೆಯೋ ಇಲ್ಲವೋ ಎಂದು ಅವಳು ಯೋಚಿಸುತ್ತಿದ್ದಳು. ಈರುಳ್ಳಿ ಇದೆ ಎಂದು ನೆನಪಾಗುವಷ್ಟರಲ್ಲಿ ಕೆಲಸ ಮುಗಿದಿತ್ತು. ತಂತಿಗಳು ಚೊಕ್ಕಟವಾಗಿ ಕಂಡವು. ಅವಳು ಪೊರಕೆ ಎತ್ತಿಕೊಂಡು ಹೊರಬಂದಳು.

ಊಟದಲ್ಲಿ ಟೈಲರ್ ತುಂಬಾ ಖುಷಿಯಾಗಿದ್ದ. "ನಾಳೆ ತಂತಿ ಸೇರಿಸಿದ್ರೆ ಆಯ್ತು," ಎಂದ. "ಕೆಂಪಿಗೆ ಕೆಂಪು, ಹಳದಿಗೆ ಹಳದಿ. ಒಂದು ಗಂಟೆ ಕೆಲಸ."

ಅತ್ತೆಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು. ಈರುಳ್ಳಿ ಖಾರವಾಗಿದೆ ಎಂದು ಕಣ್ಣೊರೆಸಿಕೊಂಡಳು. "ಬೇಯಿಸಿದ ಈರುಳ್ಳಿನಾ ಅಜ್ಜಿ?" ಎಂದಳು ಮೊಮ್ಮಗಳು.

ಬೆಳಗ್ಗೆ ಮಗ, ಸೊಸೆ, ಮೊಮ್ಮಗಳು ಹೋದ ಮೇಲೆ ಅವಳು ಗಂಡನಿಗೆ ಚಹಾ ಕೊಟ್ಟು, ಎದುರಿಗೆ ನಿಂತುಕೊಂಡೇ ಹೇಳಿದಳು.

"ರೀ, ನಿನ್ನೆ ಕೋಣೆ ಗುಡಿಸೋಕೆ ಹೋಗಿದ್ದೆ. ತಂತೀಲಿದ್ದ ದಾರ ಎಲ್ಲಾ ಕತ್ತರಿಸಿಬಿಟ್ಟೆ."

ಅವನು ಲೋಟ ಕೆಳಗಿಟ್ಟ. "ಎಲ್ಲಾನೂ?"

"ಎಲ್ಲಾನೂ. ಬೈಯಿರಿ."

ಅವನು ಬೈಯಲಿಲ್ಲ. ಎದ್ದುಹೋಗಿ ಕೋಣೆಯಲ್ಲಿ ಒಂದು ನಿಮಿಷ ನಿಂತ. ವಾಪಸು ಬಂದು ಕುರ್ಚಿಯಲ್ಲಿ ಕೂತ. "ಹೂಂ," ಎಂದ.

ಮಧ್ಯಾಹ್ನ ಊಟಕ್ಕೆ ಕರೆದಾಗ, "ಸಾಕು." ಸಂಜೆ ಚಹಾಕ್ಕೆ, "ಬೇಡ." ಶನಿವಾರವೂ ಹಾಗೆಯೇ. ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಜೋರಾಗಿ ಇಟ್ಟಳು. ಏನಾದರೂ ಸದ್ದು ಇರಲಿ ಎಂದು.

ಶನಿವಾರ ಸಂಜೆ ಸೊಸೆ ಅಡುಗೆಮನೆಗೆ ಬಂದು ಅವಳ ಕೈಯಿಂದ ಸೌಟು ತೆಗೆದುಕೊಂಡಳು. "ಏನಾಗಿದೆ ಅತ್ತೆ? ಮಾವ ನಿನ್ನೆಯಿಂದ ನನ್ನ ಜೊತೆ ಒಂದು ಜಗಳಾನೂ ಆಡಿಲ್ಲ."

ಅತ್ತೆ ಹೇಳಿದಳು. ಮೊದಲು ದಾರದ ವಿಷಯ. ಅದು ಮುಗಿದರೂ ಮಾತು ನಿಲ್ಲಲಿಲ್ಲ. ಕುರ್ಚಿ, ಎಂಟು ತಿಂಗಳು, ನಾಲ್ಕು ಮಾತು, ಕಪ್ಪು ಚಹಾ, ಎಲ್ಲ ಬಂತು.

ಸೊಸೆ ಒಲೆ ಸಣ್ಣ ಮಾಡಿದಳು. "ಇದೇ ಮನೇಲಿದ್ದೆ ನಾನು. ನನಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಜ್ವರ ಬಂದ್ರೆ ಹೇಳಬಹುದು. ಮಾತು ಬರ್ಲಿಲ್ಲ ಅಂತ ಹೇಗೆ ಹೇಳೋದು?"

"ಮೊದಲೇ ಹೇಳಿದ್ರೆ ಗುಜರಿ ಮಾತೇ ಎತ್ತುತ್ತಿರಲಿಲ್ಲ."

"ಅದಕ್ಕೇ ಹೇಳಲಿಲ್ಲ. ಅವರಿಗೆ ಕರುಣೆಯ ಮಷೀನು ಬೇಡ."

ಸೊಸೆ ಪಾತ್ರೆಯನ್ನೊಮ್ಮೆ ಸೌಟಿನಿಂದ ಕಲಕಿದಳು. ಆಮೇಲೆ ಆಸ್ಪತ್ರೆಯ ದನಿಯಲ್ಲಿ ಕೇಳಿದಳು, "ಕತ್ತರಿಸಿದ ದಾರ ಎಲ್ಲಿ?"

"ಡಬ್ಬೀಲಿ."

"ಡಬ್ಬಿ ಅಲ್ಲಾಡಿಸಿದ್ದೀರಾ?"

"ಇಲ್ಲ. ಒತ್ತಿಟ್ಟಿದೀನಿ, ಯಾವಾಗ್ಲೂ ಒತ್ತೋ ಹಾಗೆ."

"ಆಮೇಲೆ ಬೇರೆ ದಾರ ಹಾಕಿದ್ರಾ?"

"ಇಲ್ಲ. ನನ್ನ ಕೈಗೆ ನಾನೇ ಹೆದರಿ ಕತ್ತರೀನೇ ಮುಟ್ಟಿಲ್ಲ."

"ಹಾಗಾದ್ರೆ ಕೊನೇದು ಮೇಲಿದೆ, ಮೊದಲನೇದು ಕೆಳಗಿದೆ. ಯಾವ ತಂತಿಯಿಂದ ಶುರು ಮಾಡಿದ್ರಿ?"

ಅತ್ತೆ ಕೈಗಳನ್ನು ನೋಡಿಕೊಂಡಳು. "ಅದು ಗೊತ್ತಿಲ್ವಲ್ಲ ತಾಯಿ. ನಾನು ಈರುಳ್ಳಿ ಯೋಚನೇಲಿದ್ದೆ."

"ಎಡಗಡೆಯಿಂದ."

ಇಬ್ಬರೂ ತಿರುಗಿದರು. ಟೈಲರ್ ಕುರ್ಚಿಯಿಂದ ಎದ್ದಿರಲಿಲ್ಲ. ಗೋಡೆಯ ಆಚೆಯಿಂದಲೇ ಹೇಳಿದ್ದ. ಅವರು ಬಾಗಿಲಿಗೆ ಬಂದಾಗ ಅವನು ಕಿಟಕಿಯ ಕಡೆಗೇ ಮುಖ ಮಾಡಿ ಮುಂದುವರಿಸಿದ. "ಅಂಗಿ ಆದ್ರೆ ಕಾಲರಿನ ಎಡ ತುದಿ, ಬಲ ತುದಿ, ಆಮೇಲೆ ಕೆಳಗೆ. ಪ್ಯಾಂಟಾದ್ರೆ ಸೊಂಟದ ಎಡಗಡೆಯಿಂದ. ಒಂದನ್ನೂ ಬಿಟ್ಟು ಮುಂದೆ ಹೋಗಲ್ಲ, ಹಿಂದೆ ಬರಲ್ಲ. ಮೂವತ್ತೊಂದು ವರ್ಷ ಎದುರಿಗೆ ಕೂತು ನೋಡಿದೀನಿ."

"ಹಾಗಾದ್ರೆ ಈಗಲೇ—" ಎಂದಳು ಸೊಸೆ.

"ಈಗ ಬೇಡ. ಬಣ್ಣ ನೋಡೋಕೆ ಹಗಲು ಬೇಕು," ಎಂದ ಟೈಲರ್. ತಿರುಗಿ ನೋಡಿ, "ಇವತ್ತು ಏನು ಅಡುಗೆ?" ಎಂದು ಕೇಳಿದ.

ಭಾನುವಾರ ಬೆಳಗ್ಗೆ ಮಗ ಹಸಿರು ಮಷೀನನ್ನು ಕಿಟಕಿಯ ಬೆಳಕಿಗೆ ಎಳೆದ. ಸೊಸೆ ಗಾಯಕ್ಕೆ ಹಾಕುವ ಬಿಳಿ ಅಂಟುಪಟ್ಟಿಯ ಸುರುಳಿ, ಪೆನ್ನು ಹಿಡಿದು ನೆಲದ ಮೇಲೆ ಕೂತಳು. ಅತ್ತೆ ಸೂಜಿಯಿಂದ ಡಬ್ಬಿಯ ಮೇಲಿನ ಪದರ ಎತ್ತಿದಳು.

"ನೇರಳೆ," ಎಂದಳು.

"ಅದು ಬಲ ತುದಿ," ಎಂದ ಟೈಲರ್. ಸೊಸೆ ಬಲ ತುದಿಯ ತಂತಿಗೆ ಪಟ್ಟಿ ಸುತ್ತಿ 'ಹನ್ನೊಂದು, ನೇರಳೆ' ಎಂದು ಬರೆದಳು.

"ಬಿಳಿ. ಆಮೇಲೆ ಕಿತ್ತಳೆ."

"ನಿಧಾನ ಅತ್ತೆ. ನಾನು ಬರೀಬೇಕು."

ಹತ್ತು ಗಂಟೆಗೆ ಗುಜರಿಯವನು ಗಾಡಿ ತಂದು ಬಾಗಿಲು ತಟ್ಟಿದ. ಒಳಗಿನ ಗುಂಪು ನೋಡಿ ಚಪ್ಪಲಿ ಬಿಡುವುದೋ ಬೇಡವೋ ತಿಳಿಯದೆ ನಿಂತ. "ಮಾಸ್ಟ್ರೇ, ಯಾರಿಗಾದ್ರೂ ಹುಷಾರಿಲ್ವಾ?"

"ಆಪರೇಷನ್ ನಡೀತಿದೆ," ಎಂದಳು ಮೊಮ್ಮಗಳು. "ಕೂತ್ಕೊಳ್ಳಿ."

"ನಾನು ಇರಲಾ, ಹೋಗಲಾ?"

"ಚಹಾ ಕುಡೀರಿ," ಎಂದಳು ಸೊಸೆ, ತಲೆ ಎತ್ತದೆ.

ಮಧ್ಯದಲ್ಲಿ ಎರಡು ದಾರ, ನೀಲಿ ಮತ್ತು ಹಸಿರು, ಒಂದಕ್ಕೊಂದು ಹೊಸೆದುಕೊಂಡು ಒಟ್ಟಿಗೇ ಬಂದವು. ಯಾವುದು ಮೊದಲು ಎಂದು ಯಾರಿಗೂ ಹೇಳಲಾಗಲಿಲ್ಲ. ಟೈಲರ್ ಒಂದನ್ನು ಊಹಿಸಿದ. ಗುಂಡಿಯ ಪಿನ್ನುಗಳಲ್ಲಿ ಉಳಿದಿದ್ದ ದಾರದ ಬಣ್ಣ ನೋಡಿ ಹನ್ನೊಂದನ್ನೂ ಸೇರಿಸಿದ ಮೇಲೆ, ವಿದ್ಯುತ್ ದಾರಿಯ ಮಧ್ಯೆ ಒಂದು ಬಲ್ಬು ಸೇರಿಸಿ ಪರೀಕ್ಷಿಸಿದ. ಏನಾದರೂ ಸುಡುವಂತಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಅದು ಮಂಕಾಗಿ ಕೆಂಪಗಾಯಿತು, ಅಷ್ಟೇ. ಬಲ್ಬು ತೆಗೆದು, ಸೊಸೆಯ ಎರಡು ಯೂನಿಫಾರಂ ಒಳಗೆ ಹಾಕಿ, ಗುಂಡಿ ತಿರುಗಿಸಿದ.

ನೀರು ತುಂಬಿತು. ಎಲ್ಲರೂ ಗಾಜಿನ ಬಾಗಿಲಿಗೆ ಬಾಗಿದರು. ನೀರು ಅರ್ಧಕ್ಕೆ ಏರಿತು. ಮಷೀನು ಒಮ್ಮೆ ಗುರುಗುಟ್ಟಿ, ಅಷ್ಟೂ ನೀರನ್ನು ಬಚ್ಚಲಿಗೆ ಚೆಲ್ಲಿತು.

"ಒಗೆಯೋಕೆ ಮುಂಚೇನೇ ಸುಸ್ತಾಯ್ತಾ?" ಎಂದ ಮಗ.

ಅತ್ತೆ ಗಂಡನ ಮುಖ ನೋಡಿದಳು. ಟೈಲರ್ ಪ್ಲಗ್ಗು ಕಿತ್ತು, ಕನ್ನಡಕ ಸರಿಮಾಡಿಕೊಂಡ. "ತೋಳು ಅದಲುಬದಲಾಗಿದೆ. ಎಡದ್ದು ಬಲಕ್ಕೆ ಹೊಲಿದ್ಬಿಟ್ಟಿದೀನಿ," ಎಂದು, ನೀಲಿ ಹಸಿರು ತಂತಿಗಳನ್ನು ಬದಲಿಸಿದ. ಸೊಸೆ ಅಂಟುಪಟ್ಟಿ ಬಿಚ್ಚಿ ಹೊಸದಾಗಿ ಬರೆದಳು.

ಎರಡನೇ ಸಲ ನೀರು ನಿಂತಿತು. ಟಿಕ್ ಟಿಕ್ ಎಂದಿತು. ಆಮೇಲೆ ಗಾಜಿನ ಹಿಂದೆ ಯೂನಿಫಾರಮ್ಮಿನ ಒಂದು ಬಿಳಿ ತೋಳು ನಿಧಾನವಾಗಿ ಮೇಲೆದ್ದು, ತಿರುಗಿ, ಕೆಳಗೆ ಬಿತ್ತು. ಗುಜರಿಯವನು ಲೋಟ ಕೆಳಗಿಟ್ಟ. "ಇದನ್ನ ತೂಕಕ್ಕೆ ಹಾಕೋನಿದ್ದೆ ನಾನು," ಎಂದ.

"ಬರಿಗೈಲಿ ಕಳ್ಸಲ್ಲ ನಿನ್ನ," ಎಂದ ಟೈಲರ್. "ಬಾಗಿಲ ಹಿಂದಿನ ಎರಡು ತಗೊಂಡು ಹೋಗು. ಅವುಗಳಿಂದ ಬೇಕಾದ್ದು ಬಿಚ್ಕೊಂಡಾಗಿದೆ. ಕಾಲೇಜು, ನಿನ್ನ ಮೇಜು ಅಲ್ಲಿ ಹಿಡಿಸುತ್ತಾ ನೋಡು."

"ಕುಂಟಿ ನನ್ನ ಪಕ್ಕದಲ್ಲೇ ಇರುತ್ತಾ?"

"ಇರುತ್ತೆ. ಓದದೇ ಇದ್ರೆ ನಿನ್ನ ಹಿಂದೆ ಓಡಿ ಬರುತ್ತೆ."

ಯೂನಿಫಾರಂ ಹಿಂಡಿ ಹೊರಬಂದಾಗ ಅತ್ತೆಯೇ ಅದನ್ನು ಹಗ್ಗಕ್ಕೆ ಹಾಕಲು ಒಯ್ದಳು. ಬಿಸಿಲಿನಲ್ಲಿ ಕೊಡವಿದಾಗ ಅಂಚಿನಲ್ಲಿ ಒಂದು ಎಳೆ ಜೋತಾಡುತ್ತಿತ್ತು. ಅವಳ ಕೈ ಕೊರಳಿನ ಕತ್ತರಿಗೆ ಹೋಯಿತು. ಅಲ್ಲೇ ನಿಂತಿತು.

"ರೀ," ಎಂದು ಕರೆದಳು. "ಇದನ್ನ ಕತ್ತರಿಸಬಹುದಾ?"

ಟೈಲರ್ ಹೊರಗೆ ಬಂದು, ಎಳೆಯನ್ನು ಬೆರಳಲ್ಲಿ ಹಿಡಿದು, ಗಂಭೀರವಾಗಿ ನೋಡಿದ. "ಕತ್ತರಿಸು. ಇದು ನಾನು ಕಟ್ಟಿದ್ದಲ್ಲ."

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಬ್ರೆಡ್ಡು, ಬೀನ್ಸು, ಇವತ್ತು ಒಬ್ಬೊಬ್ಬರಿಗೆ ಎರಡು ಮೊಟ್ಟೆ. ಟೈಲರ್ ಕುಂಟಿಯ ಬಗ್ಗೆ ಹೇಳುತ್ತಿದ್ದ: ಅದರ ನಾಲ್ಕು ಕಾಲುಗಳಲ್ಲಿ ಯಾವುದು ಗಿಡ್ಡ, ಅದಕ್ಕೆ ಮೆತ್ತೆ ಹಾಕಬೇಕೋ ಬೇರೆ ಮೂರನ್ನು ತಗ್ಗಿಸಬೇಕೋ, ಒಳಗಿನ ಡ್ರಮ್ಮು ಯಾಕೆ ಓಲಾಡುತ್ತದೆ. ಅವನ ಮೊಟ್ಟೆ ತಣ್ಣಗಾಯಿತು.

"ಅಪ್ಪ, ಮೊದಲು ತಿನ್ನಿ," ಎಂದ ಮಗ. "ಕುಂಟಿ ಎಲ್ಲಿಗೂ ಹೋಗಲ್ಲ."

"ಇರ್ರೀ," ಎಂದಳು ಸೊಸೆ. ಬ್ರೆಡ್ಡಿನ ತಟ್ಟೆಯನ್ನು ಮಾವನ ಹತ್ತಿರಕ್ಕೆ ಸರಿಸಿದಳು. "ಹೇಳಿ ಮಾವ. ಡ್ರಮ್ಮು ಓಲಾಡುತ್ತೆ. ಆಮೇಲೆ?"